ರಿಕ್‌ವುಡ್ ಮೈದಾನ ಮತ್ತು ಹಳೆಯ ಸಮವಸ್ತ್ರದ ಆಟ

ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದಲ್ಲಿರುವ ರಿಕ್‌ವುಡ್ ಫೀಲ್ಡ್ ಆ ದೇಶದಲ್ಲಿ ಇಂದಿಗೂ ಉಳಿದಿರುವ ವೃತ್ತಿಪರ ಬೇಸ್‌ಬಾಲ್ ಮೈದಾನಗಳಲ್ಲೆಲ್ಲ ಹಳೆಯದು. ಇಲ್ಲಿ ಮೊದಲ ಆಟ ನಡೆದದ್ದು 1910ರ ಆಗಸ್ಟ್ 18ರಂದು. ಹಳೆಯ ಮೈದಾನಗಳೆಂದು ಹೆಸರಾದ ಬಾಸ್ಟನ್ನಿನ ಫೆನ್‌ವೇ ಪಾರ್ಕ್ ತೆರೆದದ್ದು 1912ರಲ್ಲಿ, ಶಿಕಾಗೊದ ರಿಗ್ಲಿ ಫೀಲ್ಡ್ 1914ರಲ್ಲಿ. ಆ ಎರಡೂ ಮೇಜರ್ ಲೀಗ್ ತಂಡಗಳ ನೆಲೆಗಳು. ದೊಡ್ಡ ನಗರ, ದೊಡ್ಡ ಹಣ, ದೇಶದುದ್ದಕ್ಕೂ ಅಭಿಮಾನಿಗಳು ಅವುಗಳ ಬೆನ್ನಿಗಿದ್ದಾರೆ. ರಿಕ್‌ವುಡ್ ಕೆಳಹಂತದ ಮೈನರ್ ಲೀಗ್‌ನ ಮೈದಾನ. ಇಲ್ಲಿದ್ದ ಬರ್ಮಿಂಗ್‌ಹ್ಯಾಮ್ ಬ್ಯಾರನ್ಸ್ ತಂಡ 1987ರ ಋತು ಮುಗಿದ ಮೇಲೆ ಬೇರೆ ಕಡೆಗೆ ಹೋಯಿತು. ಹೀಗೆ ಬರಿದಾದ ಮೈದಾನ ನೆಲಸಮವಾಗದೆ ಉಳಿಯಿತು, 1996ರಿಂದ ಅಲ್ಲಿ ‘ರಿಕ್‌ವುಡ್ ಕ್ಲಾಸಿಕ್’ ಎಂಬ ಆಟವೂ ಶುರುವಾಯಿತು. ಬ್ಯಾರನ್ಸ್ ತಂಡ ತನ್ನ ಹಳೆಯ ಮನೆಗೆ ಮರಳಿ, ಹಳೆಯ ಕಾಲದ ಸಮವಸ್ತ್ರ ತೊಟ್ಟು ಲೀಗ್‌ನ ಒಂದು ಪಂದ್ಯ ಆಡುವ ಪದ್ಧತಿ ಇದು.

ಮೈದಾನದ ಕಥೆಯನ್ನು ನಗರದ ಕಥೆಯಿಂದ ಬಿಡಿಸಿ ಹೇಳಲಾಗದು. ಬರ್ಮಿಂಗ್‌ಹ್ಯಾಮ್ ಹುಟ್ಟಿದ್ದು 1871ರಲ್ಲಿ, ಎರಡು ರೈಲು ಹಳಿಗಳು ಕೂಡುವ ಜಾಗದಲ್ಲಿ. ಕಬ್ಬಿಣದ ಅದಿರು, ಕಲ್ಲಿದ್ದಲು, ಸುಣ್ಣಕಲ್ಲು ಮೂರೂ ಸುತ್ತಮುತ್ತಲಿನ ಬೆಟ್ಟ ಕಣಿವೆಗಳಲ್ಲೇ ಸಿಗುತ್ತಿದ್ದುದರಿಂದ ಅಲ್ಲಿ ಕಬ್ಬಿಣ ಕರಗಿಸುವ ಕುಲುಮೆಗಳು ಸಾಲುಸಾಲಾಗಿ ಎದ್ದವು. ನಲವತ್ತೇ ವರ್ಷದಲ್ಲಿ ಅದು ದಕ್ಷಿಣದ ದೊಡ್ಡ ಕೈಗಾರಿಕಾ ಪಟ್ಟಣವಾಯಿತು. ಮಾಯಾನಗರಿ ಎಂಬ ಅಡ್ಡಹೆಸರೂ ಬಂತು. ಗಣಿ ಮತ್ತು ಕಾರ್ಖಾನೆಗಳ ಕಾರ್ಮಿಕರಿಗೆ ಬೇಸ್‌ಬಾಲ್ ಅಚ್ಚುಮೆಚ್ಚಿನ ಆಟ. ಒಂದೊಂದು ಕಂಪನಿಗೂ ತನ್ನದೇ ತಂಡ, ಕಂಪನಿಗಳ ನಡುವೆ ಲೀಗ್ ಪಂದ್ಯ. ಬಿಳಿಯರಿಗೊಂದು ತಂಡ, ಕಪ್ಪು ಜನರಿಗೆ ಇನ್ನೊಂದು.

ನಗರದ ವೃತ್ತಿಪರ ತಂಡದ ಹೆಸರು ಕೋಲ್ ಬ್ಯಾರನ್ಸ್, ಅಂದರೆ ಕಲ್ಲಿದ್ದಲ ದೊರೆಗಳು. ಅವರು ಆಡುತ್ತಿದ್ದ ಹಳೆಯ ಮರದ ಮೈದಾನದ ಪಕ್ಕದಲ್ಲೇ ಕುಲುಮೆಯ ಕಿಟ್ಟದ ಗುಡ್ಡೆಯಿತ್ತು. ದುಡ್ಡು ಕೊಡಲಾಗದವರು ಅದರ ಮೇಲೆ ಹತ್ತಿ ನಿಂತು ಆಟ ನೋಡುತ್ತಿದ್ದರು; ಮೈದಾನಕ್ಕೆ ‘ಸ್ಲ್ಯಾಗ್ ಪೈಲ್ ಫೀಲ್ಡ್’ ಎಂಬ ಹೆಸರೇ ಬಿದ್ದಿತ್ತು. ಈ ತಂಡವನ್ನು ಕೊಂಡವರು ಕಬ್ಬಿಣದ ಉದ್ಯಮಿ ಮನೆತನದ ಅಲೆನ್ ಹಾರ್ವಿ ವುಡ್‌ವರ್ಡ್. ಊರೆಲ್ಲ ಅವರನ್ನು ರಿಕ್ ಎಂದು ಕರೆಯುತ್ತಿತ್ತು. ಅವರು ಕಟ್ಟಿಸಿದ ಹೊಸ ಮೈದಾನಕ್ಕೆ ಹೆಸರು ಸೂಚಿಸಲು ಸ್ಪರ್ಧೆ ನಡೆಸಿದಾಗ ‘ರಿಕ್’ ಮತ್ತು ‘ವುಡ್’ ಕೂಡಿ ರಿಕ್‌ವುಡ್ ಆಯಿತು.

ಅಲ್ಲಿಯವರೆಗೆ ಬೇಸ್‌ಬಾಲ್ ಮೈದಾನಗಳ ಗ್ಯಾಲರಿಗಳೆಲ್ಲ ಮರದವು. ಅವು ಪದೇಪದೇ ಬೆಂಕಿಗೆ ತುತ್ತಾಗುತ್ತಿದ್ದವು. 1909ರಲ್ಲಿ ಫಿಲಡೆಲ್ಫಿಯಾದ ಶೈಬ್ ಪಾರ್ಕ್ ಮತ್ತು ಪಿಟ್ಸ್‌ಬರ್ಗ್‌ನ ಫೋರ್ಬ್ಸ್ ಫೀಲ್ಡ್ ಉಕ್ಕು ಮತ್ತು ಕಾಂಕ್ರೀಟ್‌ನಲ್ಲಿ ಎದ್ದು ನಿಂತವು. ವುಡ್‌ವರ್ಡ್ ಈ ಎರಡನ್ನೂ ಮಾದರಿಯಾಗಿ ಇಟ್ಟುಕೊಂಡರು. ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ತಂಡದ ಪ್ರಸಿದ್ಧ ಮ್ಯಾನೇಜರ್ ಕಾನಿ ಮ್ಯಾಕ್ ಆಟದ ಅಂಗಳವನ್ನು ಹೇಗೆ ಹಾಕಬೇಕೆಂದು ಸಲಹೆ ಕೊಟ್ಟರು. ಮೈನರ್ ಲೀಗ್‌ನಲ್ಲಿ ಉಕ್ಕು, ಕಾಂಕ್ರೀಟಿನ ಮೊದಲ ಮೈದಾನ ಎಂಬ ಹೆಸರು ರಿಕ್‌ವುಡ್‌ಗೆ ಬಂತು. ಅದು ಶತಮಾನ ದಾಟಿ ಉಳಿಯಲು ಈ ನಿರ್ಧಾರವೇ ಮೊದಲ ಕಾರಣ. ಮರದ್ದಾಗಿದ್ದರೆ ಎಂದೋ ಸುಟ್ಟು ಅಥವಾ ಕೊಳೆತು ಹೋಗುತ್ತಿತ್ತು. ಉದ್ಘಾಟನೆಯ ದಿನ ಊರಿನ ಅಂಗಡಿಗಳು ಬಾಗಿಲು ಹಾಕಿದವು, ಹತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದರು. ಬ್ಯಾರನ್ಸ್ ತಂಡ ಮಾಂಟ್‌ಗೊಮರಿ ತಂಡವನ್ನು 3–2ರಿಂದ ಸೋಲಿಸಿತು.

ಮೈದಾನದ ಕಟ್ಟಡ ಒಂದೇ ಸಲಕ್ಕೆ ಇಂದಿನ ರೂಪಕ್ಕೆ ಬಂದದ್ದಲ್ಲ. ಗ್ಯಾಲರಿಯ ಚಾವಣಿ ಬಲಗಡೆಗೆ ಬೆಳೆಯುತ್ತ ಹೋಯಿತು. 1928ರಲ್ಲಿ ಸ್ಪ್ಯಾನಿಷ್ ಮಿಷನ್ ಶೈಲಿಯ ಮುಖಮಂಟಪ ಬಂತು. ಮೈದಾನದ ಚಿತ್ರಗಳಲ್ಲಿ ಎಲ್ಲರೂ ಗುರುತಿಸುವ ಮುಖ ಇದೇ. 1936ರಲ್ಲಿ ದೀಪದ ಗೋಪುರಗಳು ಬಂದವು. ಚಾವಣಿಯ ಮೇಲಿನಿಂದ ಅಂಗಳದ ಕಡೆಗೆ ಬಾಗಿ ನಿಂತ ಈ ಉಕ್ಕಿನ ಚೌಕಟ್ಟುಗಳನ್ನು ಇಂದಿಗೂ ಕಾಣಬಹುದು. ಅಂಗಳದ ಆಚೆಗೆ ಎರಡು ಗೋಡೆಗಳಿವೆ. ಹೊರಗಿನದು ಕಾಂಕ್ರೀಟಿನ ಹಳೆಯ ಗೋಡೆ. ಅದು ಎಷ್ಟು ದೂರವೆಂದರೆ ಅಲ್ಲಿಗೆ ಚೆಂಡು ಮುಟ್ಟಿಸುವುದೇ ಅಪರೂಪ. ಹಾಗಾಗಿ ಒಳಗೆ ಇನ್ನೊಂದು ಬೇಲಿ ಹಾಕಿದರು. 1948ರಲ್ಲಿ ಬ್ಯಾರನ್ಸ್‌ನ ವಾಲ್ಟ್ ಡ್ರೋಪೊ ಹೊಡೆದ ಹೋಂ ರನ್ ಒಳಬೇಲಿಯನ್ನು ದಾಟಿ, 460 ಅಡಿಗಿಂತಲೂ ಆಚೆಗಿದ್ದ ಆ ಕಾಂಕ್ರೀಟ್ ಗೋಡೆಗೇ ಬಡಿಯಿತು. ಚೆಂಡು ತಾಗಿದ ಜಾಗದಲ್ಲಿ ಬಣ್ಣದಿಂದ ಗುಣಾಕಾರದ ಗುರುತು ಬರೆದಿಟ್ಟಿದ್ದಾರೆ.

ಬಿಳಿಯರ ಬ್ಯಾರನ್ಸ್ ತಂಡ ಸದರ್ನ್ ಅಸೋಸಿಯೇಷನ್ ಎಂಬ ಲೀಗ್‌ನಲ್ಲಿ ಆಡುತ್ತಿತ್ತು. ಅದರ ಚರಿತ್ರೆಯಲ್ಲಿ ಊರು ಮರೆಯದ ಆಟವೆಂದರೆ 1931ರಲ್ಲಿ ಎರಡು ಲೀಗ್‌ಗಳ ವಿಜೇತರ ನಡುವೆ ನಡೆದ ಡಿಕ್ಸಿ ಸರಣಿಯ ಮೊದಲ ಪಂದ್ಯ. ಎದುರಾಳಿ ಹ್ಯೂಸ್ಟನ್ ತಂಡದ ಪಿಚರ್ ಡಿಜಿ ಡೀನ್ ಎಂಬ ಚಿಗುರುಮೀಸೆಯ ಹುಡುಗ. ಗೆಲುವು ತನ್ನದೇ ಎಂದು ಮೊದಲೇ ಸಾರಿದ್ದ. ಬ್ಯಾರನ್ಸ್ ಕಡೆಯಿಂದ ಚೆಂಡೆಸೆದದ್ದು 43 ವರ್ಷದ ರೇ ಕಾಲ್ಡ್‌ವೆಲ್. ಇಪ್ಪತ್ತು ಸಾವಿರಕ್ಕೂ ಮೀರಿದ ಜನಸ್ತೋಮದ ಎದುರು ಕಾಲ್ಡ್‌ವೆಲ್ 1–0ರಿಂದ ಗೆದ್ದರು. ಸರಣಿಯೂ ಕೊನೆಗೆ ಬ್ಯಾರನ್ಸ್ ಪಾಲಾಯಿತು. ಡೀನ್ ಮುಂದೆ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದಲ್ಲಿ ದೇಶವೇ ಬಲ್ಲ ಪಿಚರ್ ಆದ.

ಆದರೆ ರಿಕ್‌ವುಡ್‌ನ ನಿಜವಾದ ಘನತೆ ಇರುವುದು ಅಲ್ಲಿದ್ದ ಇನ್ನೊಂದು ತಂಡದಲ್ಲಿ. ಮೇಜರ್ ಲೀಗ್ ಮತ್ತು ಅದರ ಕೆಳಗಿನ ಲೀಗ್‌ಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಕಪ್ಪು ಆಟಗಾರರಿಗೆ ಬಾಗಿಲು ಮುಚ್ಚಿಬಿಟ್ಟಿದ್ದವು. ಲಿಖಿತ ನಿಯಮವೇನೂ ಇರಲಿಲ್ಲ. ತಂಡದ ಮಾಲೀಕರ ನಡುವಿನ ಮೌನ ಒಪ್ಪಂದವೇ ಸಾಕಾಗಿತ್ತು. 1920ರಲ್ಲಿ ರೂಬ್ ಫಾಸ್ಟರ್ ಅವರ ಮುಂದಾಳ್ತನದಲ್ಲಿ ನೀಗ್ರೊ ನ್ಯಾಷನಲ್ ಲೀಗ್ ಹುಟ್ಟಿತು. ಅದೇ ವರ್ಷ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಪ್ಪು ಆಟಗಾರರ ಬ್ಲ್ಯಾಕ್ ಬ್ಯಾರನ್ಸ್ ತಂಡ ತಲೆಯೆತ್ತಿತು. ಕಾರ್ಖಾನೆ ತಂಡಗಳಲ್ಲಿ ಪಳಗಿದವರೇ ಅದರ ಬೆನ್ನೆಲುಬು. ಅಲಬಾಮಾದವರೇ ಆದ ಸ್ಯಾಚೆಲ್ ಪೇಜ್, ಅಮೆರಿಕ ಕಂಡ ಮಹಾನ್ ಪಿಚರ್‌ಗಳಲ್ಲೊಬ್ಬರು, 1920ರ ದಶಕದ ಕೊನೆಯಲ್ಲಿ ಈ ತಂಡಕ್ಕಾಗಿ ಆಡಿದರು.

ಬಿಳಿಯ ಬ್ಯಾರನ್ಸ್ ಪರವೂರಿಗೆ ಹೋದಾಗ ಬ್ಲ್ಯಾಕ್ ಬ್ಯಾರನ್ಸ್ ಬಾಡಿಗೆ ಕೊಟ್ಟು ರಿಕ್‌ವುಡ್‌ನಲ್ಲಿ ಆಡುತ್ತಿದ್ದರು. ಭಾನುವಾರ ಚರ್ಚಿನ ಪ್ರಾರ್ಥನೆ ಮುಗಿಸಿದ ಜನ ಅದೇ ಒಳ್ಳೆಯ ಉಡುಪಿನಲ್ಲಿ ನೇರ ಮೈದಾನಕ್ಕೆ ಬರುತ್ತಿದ್ದರು. ಬಿಳಿಯರ ಪಂದ್ಯದ ದಿನ ಕಪ್ಪು ಪ್ರೇಕ್ಷಕರಿಗೆ ಬಲಗಡೆಯ ತುದಿಯಲ್ಲಿ, ಚಾವಣಿಯಿಲ್ಲದ ಬಿಸಿಲಿನ ಹಲಗೆಗಳೇ ಗತಿ. ಬ್ಲ್ಯಾಕ್ ಬ್ಯಾರನ್ಸ್ ಆಡುವ ದಿನ ಚಾವಣಿಯ ನೆರಳಿನ ಒಳ್ಳೆಯ ಆಸನಗಳಲ್ಲಿ ಅವರು ಕೂರುತ್ತಿದ್ದರು. ನೋಡಲು ಬಂದ ಬಿಳಿಯರಿಗೆ ಬೇರೆ ಜಾಗ. ವಾರವಿಡೀ ಗಣಿಯಲ್ಲಿ, ಕುಲುಮೆಯಲ್ಲಿ, ಪರರ ಅಡುಗೆಮನೆಯಲ್ಲಿ ದುಡಿದವರಿಗೆ ಊರಿನ ಅತಿ ಚೆಂದದ ಕಟ್ಟಡವೊಂದು ಆ ಕೆಲವು ಗಂಟೆಗಳ ಮಟ್ಟಿಗೆ ತಮ್ಮದಾಗುತ್ತಿತ್ತು. ಇದರ ಬೆಲೆ ಗೆಲುವು ಸೋಲಿನ ಲೆಕ್ಕದಲ್ಲಿ ಸಿಗುವಂಥದ್ದಲ್ಲ.

1943, 1944 ಮತ್ತು 1948ರಲ್ಲಿ ಬ್ಲ್ಯಾಕ್ ಬ್ಯಾರನ್ಸ್ ನೀಗ್ರೊ ಅಮೆರಿಕನ್ ಲೀಗ್‌ನ ಪ್ರಶಸ್ತಿ ಗೆದ್ದರು. ಮೂರು ಸಲವೂ ನೀಗ್ರೊ ವರ್ಲ್ಡ್ ಸೀರೀಸ್‌ನಲ್ಲಿ ಹೋಮ್‌ಸ್ಟೆಡ್ ಗ್ರೇಸ್ ತಂಡದ ಎದುರು ಸೋತರು. 1948ರ ತಂಡವನ್ನು ಮುನ್ನಡೆಸಿದವರು ಆಟಗಾರನೂ ಮ್ಯಾನೇಜರನೂ ಆಗಿದ್ದ ಲೊರೆಂಜೊ ‘ಪೈಪರ್’ ಡೇವಿಸ್. ಅದೇ ವರ್ಷ ಅವರು ಹದಿನೇಳು ವರ್ಷದ ಹೈಸ್ಕೂಲ್ ಹುಡುಗನೊಬ್ಬನನ್ನು ತಂಡಕ್ಕೆ ತೆಗೆದುಕೊಂಡರು. ಹತ್ತಿರದ ವೆಸ್ಟ್‌ಫೀಲ್ಡ್ ಎಂಬ ಉಕ್ಕಿನ ಕಾರ್ಮಿಕರ ಊರಿನಲ್ಲಿ ಹುಟ್ಟಿದ ಆ ಹುಡುಗನೇ ವಿಲ್ಲಿ ಮೇಸ್. ಶಾಲೆ ತಪ್ಪಬಾರದೆಂದು ಶಾಲೆಯ ದಿನಗಳಲ್ಲಿ ಊರಿನ ಪಂದ್ಯಗಳಿಗಷ್ಟೇ ಬರುವ ಏರ್ಪಾಡಾಗಿತ್ತು. ವರ್ಲ್ಡ್ ಸೀರೀಸ್‌ನ ಮೂರನೆಯ ಪಂದ್ಯ ರಿಕ್‌ವುಡ್‌ನಲ್ಲಿ ನಡೆಯಿತು. ಕೊನೆಯ ಇನ್ನಿಂಗ್ಸ್‌ನಲ್ಲಿ ಮೇಸ್ ಹೊಡೆದ ಹೊಡೆತಕ್ಕೆ ಗೆಲುವಿನ ರನ್ ಬಂದು ತಂಡ 4–3ರಿಂದ ಗೆದ್ದಿತು. ಆ ಸರಣಿಯಲ್ಲಿ ಬ್ಲ್ಯಾಕ್ ಬ್ಯಾರನ್ಸ್‌ಗೆ ದಕ್ಕಿದ ಒಂದೇ ಗೆಲುವು ಅದು. ನೀಗ್ರೊ ವರ್ಲ್ಡ್ ಸೀರೀಸ್ ಮತ್ತೆ ನಡೆಯಲೂ ಇಲ್ಲ. 1947ರಲ್ಲಿ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡ ಸೇರಿ ಮೇಜರ್ ಲೀಗ್‌ನ ಬಾಗಿಲು ತೆರೆದಿದ್ದರು. ಒಳ್ಳೆಯ ಆಟಗಾರರು ಒಬ್ಬೊಬ್ಬರಾಗಿ ಆ ಕಡೆಗೆ ನಡೆದಂತೆ ಕಪ್ಪು ಜನರ ಲೀಗ್‌ಗಳು ಸೊರಗಿದವು. 1950ರಲ್ಲಿ ಮೇಸ್ ಕೂಡ ನ್ಯೂಯಾರ್ಕ್ ಜೈಂಟ್ಸ್‌ಗೆ ಹೋದರು. ಮುಂದೆ ಅವರ ಹೆಸರಿನಲ್ಲಿ 660 ಮೇಜರ್ ಲೀಗ್ ಹೋಂ ರನ್‌ಗಳು ದಾಖಲಾದವು.

ಬರ್ಮಿಂಗ್‌ಹ್ಯಾಮ್ ಮಾತ್ರ ಬದಲಾಗಲು ಒಪ್ಪಲಿಲ್ಲ. ನಗರದ ಕಾನೂನು ಕಪ್ಪು ಜನ ಮತ್ತು ಬಿಳಿಯರು ಒಟ್ಟಿಗೆ ಇಸ್ಪೀಟು, ದಾಳ, ಚೆಕರ್ಸ್ ಆಡುವುದನ್ನೂ ನಿಷೇಧಿಸಿತ್ತು. ಬೇಸ್‌ಬಾಲ್, ಫುಟ್‌ಬಾಲ್‌ನಂಥ ಆಟಗಳನ್ನೂ ಆ ಪಟ್ಟಿಗೆ ಸೇರಿಸಲಾಯಿತು. 1953ರಲ್ಲಿ ರಾಬಿನ್ಸನ್ ಎರಡೂ ಬಣ್ಣದ ಆಟಗಾರರಿದ್ದ ಪ್ರವಾಸಿ ತಂಡದೊಂದಿಗೆ ಬಂದಾಗ ಬಿಳಿಯ ಆಟಗಾರರನ್ನು ಕಣದಿಂದ ಹೊರಗಿಡಬೇಕಾಯಿತು. 1954ರ ಆರಂಭದಲ್ಲಿ ನಗರಾಡಳಿತ ಈ ನಿಷೇಧವನ್ನು ಸಡಿಲಿಸಿತು. ಕೆಲವೇ ತಿಂಗಳಲ್ಲಿ ಮತದಾರರು ಭಾರೀ ಬಹುಮತದಿಂದ ಅದನ್ನು ಮತ್ತೆ ಜಾರಿಗೆ ತಂದರು. ವರ್ಣಭೇದದ ಉಗ್ರ ಸಮರ್ಥಕನಾಗಿ, 1963ರಲ್ಲಿ ಮೆರವಣಿಗೆಯ ಮಕ್ಕಳ ಮೇಲೆ ನಾಯಿಗಳನ್ನೂ ನೀರಿನ ಕೊಳವೆಗಳನ್ನೂ ಬಿಡಿಸಿದ ಅಧಿಕಾರಿಯಾಗಿ ಇತಿಹಾಸದಲ್ಲಿ ಉಳಿದ ಬುಲ್ ಕಾನರ್ ಮೊದಲು ಜನಪ್ರಿಯನಾದದ್ದು ಬ್ಯಾರನ್ಸ್ ಪಂದ್ಯಗಳ ರೇಡಿಯೊ ವೀಕ್ಷಕ ವಿವರಣೆಗಾರನಾಗಿ. ಮೈದಾನದ ಹಿರಿಮೆ ಹೇಳುವವರು ಈ ಮಾತನ್ನೂ ಹೇಳಲೇಬೇಕು. ಕೊನೆಗೆ ಸದರ್ನ್ ಅಸೋಸಿಯೇಷನ್ ಕಪ್ಪು ಆಟಗಾರರನ್ನು ಸೇರಿಸಿಕೊಳ್ಳಲು ಒಲ್ಲದೆಯೇ 1961ರಲ್ಲಿ ಮುಚ್ಚಿಹೋಯಿತು, ರಿಕ್‌ವುಡ್ ಖಾಲಿಯಾಯಿತು.

1964ರಲ್ಲಿ ಅಲ್ಲಿ ಮತ್ತೆ ವೃತ್ತಿಪರ ಆಟ ಶುರುವಾದದ್ದು ಕಾನ್ಸಾಸ್ ಸಿಟಿ ಅಥ್ಲೆಟಿಕ್ಸ್ ತಂಡದ ಮಾಲೀಕ ಚಾರ್ಲಿ ಫಿನ್ಲೆಯಿಂದ. ಫಿನ್ಲೆ ಬರ್ಮಿಂಗ್‌ಹ್ಯಾಮ್‌ನಲ್ಲೇ ಹುಟ್ಟಿದವರು. ಹದಿನಾರನೆಯ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಬಾಂಬ್ ಸಿಡಿದು ನಾಲ್ವರು ಹುಡುಗಿಯರು ಸತ್ತು ಒಂದು ವರ್ಷವೂ ಆಗಿರಲಿಲ್ಲ. ಅಂಥ ಊರಿನಲ್ಲಿ ಕಪ್ಪು, ಬಿಳಿ, ಲ್ಯಾಟಿನ್ ಆಟಗಾರರು ಒಂದೇ ಅಂಗಿ ತೊಟ್ಟು ಒಂದೇ ತಂಡವಾಗಿ ಅಂಗಳಕ್ಕಿಳಿದರು. ಆ ಋತು ದೊಡ್ಡ ಗಲಭೆಯಿಲ್ಲದೆ ಮುಗಿಯಿತು. ಆದರೂ 1967ರಲ್ಲಿ ಇಲ್ಲಿ ಆಡಿದ ಕಪ್ಪು ಆಟಗಾರ ರೆಜಿ ಜಾಕ್ಸನ್‌ಗೆ ಹೋಟೆಲುಗಳಲ್ಲಿ ಜಾಗ ಸಿಗುತ್ತಿರಲಿಲ್ಲ, ಊಟ ಸಿಗುತ್ತಿರಲಿಲ್ಲ. ಅವನಿಗಿಲ್ಲದ ಊಟ ತಮಗೂ ಬೇಡ ಎಂದು ಜೊತೆಯವರು ಎದ್ದು ಹೊರಡುತ್ತಿದ್ದರು. 1975ರಲ್ಲಿ ತಂಡ ಮತ್ತೆ ಹೋಯಿತು. 1981ರಲ್ಲಿ ಬ್ಯಾರನ್ಸ್ ಹೆಸರಿನ ಹೊಸ ತಂಡ ಬಂತು. 1986ರಿಂದ ಅದು ಶಿಕಾಗೊ ವೈಟ್ ಸಾಕ್ಸ್‌ನ ಅಧೀನ ತಂಡ. 1987ರಲ್ಲಿ ಸದರ್ನ್ ಲೀಗ್ ಪ್ರಶಸ್ತಿ ಗೆದ್ದು ಅದು ರಿಕ್‌ವುಡ್‌ಗೆ ವಿದಾಯ ಹೇಳಿತು, ಮರುವರ್ಷ ಹೂವರ್ ಉಪನಗರದ ಹೊಸ ಕ್ರೀಡಾಂಗಣಕ್ಕೆ ಹೋಯಿತು. ಬ್ಯಾಸ್ಕೆಟ್‌ಬಾಲ್ ಬಿಟ್ಟು ಬಂದ ಮೈಕಲ್ ಜೋರ್ಡಾನ್ 1994ರಲ್ಲಿ ಬ್ಯಾರನ್ಸ್‌ಗಾಗಿ ಆಡಿದ್ದು ಅಲ್ಲಿಯೇ.

ತಂಡವಿಲ್ಲದ ಮೈದಾನ ಬೇಗ ಹಾಳು ಬೀಳುತ್ತದೆ. ಚಾವಣಿ ಸೋರುತ್ತದೆ, ಉಕ್ಕು ತುಕ್ಕು ಹಿಡಿಯುತ್ತದೆ, ಅಂಗಳದಲ್ಲಿ ಕಳೆ ಬೆಳೆಯುತ್ತದೆ, ಜಾಗದ ಮೇಲೆ ಯಾರದೋ ಕಣ್ಣು ಬೀಳುತ್ತದೆ. ರಿಕ್‌ವುಡ್ ಆ ಗತಿಯಿಂದ ಪಾರಾದದ್ದು ಊರಿನ ಕೆಲವು ಆಸಕ್ತರಿಂದ. ಅವರು 1992ರಲ್ಲಿ ‘ಫ್ರೆಂಡ್ಸ್ ಆಫ್ ರಿಕ್‌ವುಡ್’ ಸಂಸ್ಥೆ ಕಟ್ಟಿ, ನಗರದ ಒಡೆತನದಲ್ಲಿದ್ದ ಮೈದಾನದ ದುರಸ್ತಿ ಮತ್ತು ನಿರ್ವಹಣೆಯ ಹೊಣೆ ಹೊತ್ತರು. ಮರುವರ್ಷ ಅದು ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಸಿನಿಮಾದವರಿಂದಲೂ ನೆರವಾಯಿತು. ಹಳೆಯ ಕಾಲದ ಆಟಗಾರ ಟೈ ಕಾಬ್ ಕುರಿತ ‘ಕಾಬ್’, ನೀಗ್ರೊ ಲೀಗ್ ಕುರಿತ ‘ಸೋಲ್ ಆಫ್ ದ ಗೇಮ್’, ಜಾಕಿ ರಾಬಿನ್ಸನ್ ಕುರಿತ ‘42’ ಚಿತ್ರಗಳ ದೃಶ್ಯಗಳನ್ನು ಇಲ್ಲಿ ತೆಗೆದರು. ಚಿತ್ರೀಕರಣಕ್ಕಾಗಿ ಬೇಲಿಯ ಮೇಲೆ ಹಳೆಯ ಮಾದರಿಯಲ್ಲಿ ಬರೆದ ಜಾಹೀರಾತುಗಳನ್ನು ಆಮೇಲೆ ಅಳಿಸದೆ ಉಳಿಸಿಕೊಂಡರು.

ರಿಕ್‌ವುಡ್ ಕ್ಲಾಸಿಕ್ ಹುಟ್ಟಿದ್ದು ಈ ದುರಸ್ತಿಯ ಕೆಲಸದ ನಡುವೆಯೇ. ಹಳೆಯ ಕಾಲದ ಸಮವಸ್ತ್ರ ತೊಟ್ಟು ಆಡುವ ಪದ್ಧತಿ ಆಗಿನ್ನೂ ಹೊಸದು. 1990ರಲ್ಲಿ ಶಿಕಾಗೊ ವೈಟ್ ಸಾಕ್ಸ್, ತನ್ನ ಹಳೆಯ ಕಾಮಿಸ್ಕಿ ಪಾರ್ಕ್ ಕೆಡವುವ ಮುಂಚಿನ ಕೊನೆಯ ಋತುವಿನಲ್ಲಿ, 1917ರ ಮಾದರಿಯ ಅಂಗಿ ತೊಟ್ಟು ಒಂದು ಪಂದ್ಯ ಆಡಿತ್ತು. ಅದನ್ನು ನೋಡಿ ಬೇರೆ ತಂಡಗಳೂ ಅನುಸರಿಸಿದವು. ಆದರೆ ಬಹುಪಾಲು ಕಡೆ ಹಳೆಯ ಅಂಗಿ ಬರುತ್ತದೆ, ಹಳೆಯ ಮೈದಾನ ಇರುವುದಿಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿ ಅಂಗಿ ಎಷ್ಟು ಹಿಂದಿನ ಕಾಲದ್ದಾದರೂ ಆ ಕಾಲದಲ್ಲಿ ಆಡಿದ ನೆಲವೇ ಕಾಲಡಿಯಲ್ಲಿರುತ್ತದೆ.

ಪ್ರತಿ ಕ್ಲಾಸಿಕ್‌ಗೂ ಒಂದು ಕಾಲವನ್ನು ಆಯ್ದುಕೊಂಡು ಎರಡೂ ತಂಡಗಳು ಅದಕ್ಕೆ ತಕ್ಕ ಸಮವಸ್ತ್ರ ತೊಡುವುದು ವಾಡಿಕೆ. ಹಿಂದಿನ ಕಾಲದ ಬೇಸ್‌ಬಾಲ್ ಉಡುಪು ಉಣ್ಣೆಯ ಫ್ಲಾನೆಲ್ ಬಟ್ಟೆಯದು, ದಪ್ಪನೆಯದು, ದೊಗಳೆಯದು. ಅಲಬಾಮಾದ ಬೇಸಿಗೆಯಲ್ಲಿ ಬೆವರು ಹೀರಿ ಇನ್ನಷ್ಟು ಭಾರವಾಗುವಂಥದ್ದು. ಮೊಣಕಾಲಿನವರೆಗೆ ಎಳೆದ ಕಾಲುಚೀಲ, ಸಣ್ಣ ಅಂಚಿನ ಟೋಪಿ ಅದರ ಜೊತೆಗೆ. 1920ರ ದಶಕದ ಕೊನೆಯವರೆಗೆ ಬೆನ್ನ ಮೇಲೆ ಸಂಖ್ಯೆ ಬರೆಯುವ ರೂಢಿಯೂ ಇರಲಿಲ್ಲ. ಆಟಗಾರನನ್ನು ಅವನ ನಿಲುವು ನಡಿಗೆಗಳಿಂದಲೇ ಗುರುತಿಸಬೇಕಿತ್ತು. ಪ್ರೇಕ್ಷಕರಲ್ಲೂ ಅನೇಕರು ಹಳೆಯ ಕಾಲದ ಹ್ಯಾಟು, ಉಡುಪು ಹಾಕಿಕೊಂಡು ಬರುತ್ತಾರೆ. ಬಹಳ ವರ್ಷ ಈ ಆಟ ವಾರದ ನಡುವಿನ ದಿನ, ಮಧ್ಯಾಹ್ನದ ಬಿಸಿಲಿನಲ್ಲಿ ನಡೆದಿದೆ. ದೀಪ ಬರುವ ಮೊದಲು ಎಲ್ಲ ಆಟವೂ ಹಗಲಿನ ಆಟವೇ ಆಗಿದ್ದರಿಂದ ಇದು ತಕ್ಕ ಹೊತ್ತೇ. ಹಿಂದೆ ಹೆಸರು ಮಾಡಿದ ಆಟಗಾರರೊಬ್ಬರು ಅತಿಥಿಯಾಗಿ ಬರುವುದೂ, ಅಂಕಗಳ ಫಲಕವನ್ನು ಕೈಯಿಂದಲೇ ಬದಲಿಸುವುದೂ ಉಂಟು.

ಕ್ಲಾಸಿಕ್‌ನ ಮುಖ್ಯ ಗುಣ ಬೇರೆಯೇ ಇದೆ. ಅದು ಪ್ರದರ್ಶನ ಪಂದ್ಯವಲ್ಲ. ಸದರ್ನ್ ಲೀಗ್‌ನ ವೇಳಾಪಟ್ಟಿಯ ಪಂದ್ಯ. ಗೆದ್ದರೆ ಗೆಲುವು, ಸೋತರೆ ಸೋಲು ಪಟ್ಟಿಗೆ ಸೇರುತ್ತದೆ. ಆಡುವವರು ಮೇಜರ್ ಲೀಗ್‌ಗೆ ಏರಲು ಹೆಣಗುತ್ತಿರುವ ಯುವಕರು, ಪ್ರತಿ ಹೊಡೆತಕ್ಕೂ ಅವರ ಬದುಕಿನಲ್ಲಿ ಲೆಕ್ಕವಿದೆ. ಹಾಗಾಗಿ ಹಳೆಯ ಅಂಗಿ ವೇಷವಾಗಿ ಉಳಿಯದೆ, ಅಂದು ಅದನ್ನು ತೊಟ್ಟವರು ಆಡಿದಷ್ಟೇ ಶ್ರದ್ಧೆಯಿಂದ ಆಟ ನಡೆಯುತ್ತದೆ. ಮೈದಾನವನ್ನು ವಸ್ತುಸಂಗ್ರಹಾಲಯ ಮಾಡಿ ಬೀಗ ಹಾಕುವುದಕ್ಕಿಂತ ಇದು ಒಳ್ಳೆಯ ಸಂರಕ್ಷಣೆ. ಆಟವಿದ್ದರೆ ಹುಲ್ಲು ಕತ್ತರಿಸಬೇಕಾಗುತ್ತದೆ, ಚಾವಣಿ ಸರಿಪಡಿಸಬೇಕಾಗುತ್ತದೆ, ಜನ ಟಿಕೆಟ್ ಕೊಂಡು ಬರುತ್ತಾರೆ, ಮಕ್ಕಳು ಅಜ್ಜ ಕೂತಿದ್ದ ಜಾಗದಲ್ಲಿ ಕೂರುತ್ತಾರೆ.

ಹಳೆಯದನ್ನು ಹಾಡಿಹೊಗಳುವುದರಲ್ಲಿ ಒಂದು ಅಪಾಯವಿದೆ, ಅದರಲ್ಲೂ ಬರ್ಮಿಂಗ್‌ಹ್ಯಾಮ್‌ನಂಥ ಊರಿನಲ್ಲಿ. ಬಲಗಡೆಯ ಬಿಸಿಲಿನ ಹಲಗೆಗಳನ್ನು ಮರೆತು ಕೇವಲ ಚೆಂದದ ಟೋಪಿಗಳನ್ನು ನೆನೆದರೆ ಅದು ಇತಿಹಾಸವಾಗುವುದಿಲ್ಲ. ಬಿಳಿಯ ಬ್ಯಾರನ್ಸ್‌ನ ಅಂಗಿಯ ಜೊತೆಗೆ ಬ್ಲ್ಯಾಕ್ ಬ್ಯಾರನ್ಸ್‌ನ ಅಂಗಿಯನ್ನೂ ತೊಟ್ಟಾಗಲೇ ಕ್ಲಾಸಿಕ್‌ಗೆ ಅರ್ಥ ಬರುವುದು. ಇಂದಿನ ಬ್ಯಾರನ್ಸ್ ತಂಡದಲ್ಲಿ ಎಲ್ಲ ಬಣ್ಣದ ಆಟಗಾರರಿದ್ದಾರೆ. ಅವರೆಲ್ಲ ಸೇರಿ ಆ ಅಂಗಿ ತೊಟ್ಟು ರಿಕ್‌ವುಡ್‌ನಲ್ಲಿ ಆಡುವುದನ್ನು 1954ರ ನಗರ ಕಾನೂನು ಅಪರಾಧವೆನ್ನುತ್ತಿತ್ತು.

ಬ್ಯಾರನ್ಸ್ 2013ರಲ್ಲಿ ಹೂವರ್ ಬಿಟ್ಟು ನಗರದ ನಡುವಿನ ರೀಜನ್ಸ್ ಫೀಲ್ಡ್‌ಗೆ ಮರಳಿತು. 2020ರಲ್ಲಿ ಕೊರೊನಾದಿಂದ ಇಡೀ ಮೈನರ್ ಲೀಗ್ ಋತುವೇ ರದ್ದಾಯಿತು. ಆಮೇಲೆ ರಿಕ್‌ವುಡ್‌ನ ಅಂಗಳ, ಬೇಲಿ, ಆಟಗಾರರ ತಂಗುಕಟ್ಟೆಗಳನ್ನೆಲ್ಲ ದೊಡ್ಡ ಪ್ರಮಾಣದಲ್ಲಿ ನವೀಕರಿಸಲಾಯಿತು. ಮೇಜರ್ ಲೀಗ್ ಬೇಸ್‌ಬಾಲ್ ಅಲ್ಲಿ ಪಂದ್ಯ ನಡೆಸಲು ಮುಂದೆ ಬಂದಿತ್ತು. 2024ರ ಜೂನ್ 18ರಂದು ನಡೆದ ಕ್ಲಾಸಿಕ್‌ನಲ್ಲಿ ಬ್ಯಾರನ್ಸ್ ಬ್ಲ್ಯಾಕ್ ಬ್ಯಾರನ್ಸ್ ಆಗಿ, ಎದುರಾಳಿ ಮಾಂಟ್‌ಗೊಮರಿ ಬಿಸ್ಕಿಟ್ಸ್ ಆ ಊರಿನ ಹಳೆಯ ನೀಗ್ರೊ ಲೀಗ್ ತಂಡ ಗ್ರೇ ಸಾಕ್ಸ್ ಆಗಿ ಅಂಗಳಕ್ಕಿಳಿದವು. 1910ರ ಮೊದಲ ಪಂದ್ಯದ ಎದುರಾಳಿಯೂ ಮಾಂಟ್‌ಗೊಮರಿಯೇ. ಆಟ ನಡೆಯುತ್ತಿರುವಾಗಲೇ ಸುದ್ದಿ ಬಂತು: ವಿಲ್ಲಿ ಮೇಸ್ ತೀರಿಕೊಂಡಿದ್ದರು, 93ರ ವಯಸ್ಸಿನಲ್ಲಿ. ಮೈದಾನದಲ್ಲಿದ್ದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದಕ್ಕೆ ಮೂರು ವಾರ ಮೊದಲಷ್ಟೇ ಮೇಜರ್ ಲೀಗ್ ನೀಗ್ರೊ ಲೀಗ್‌ಗಳ ಅಂಕಿ ಅಂಶಗಳನ್ನು ತನ್ನ ಅಧಿಕೃತ ದಾಖಲೆಗೆ ಸೇರಿಸಿತ್ತು. 1948ರಲ್ಲಿ ಬ್ಲ್ಯಾಕ್ ಬ್ಯಾರನ್ಸ್‌ಗಾಗಿ ಮೇಸ್ ಹೊಡೆದ ಹತ್ತು ಹಿಟ್‌ಗಳು ಅವರ ಲೆಕ್ಕಕ್ಕೆ ಕೂಡಿ ಮೊತ್ತ 3,293 ಆಗಿತ್ತು.

ಎರಡು ದಿನಗಳ ಬಳಿಕ, ಜೂನ್ 20ರಂದು, ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಮತ್ತು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಅಲ್ಲಿ ಮೇಜರ್ ಲೀಗ್ ಪಂದ್ಯ ಆಡಿದವು. ಅಲಬಾಮಾದಲ್ಲಿ ಅಂಥ ಪಂದ್ಯ ಅದೇ ಮೊದಲು. ಎರಡೂ ತಂಡಗಳು ತಂತಮ್ಮ ಊರಿನ ನೀಗ್ರೊ ಲೀಗ್ ತಂಡಗಳಾದ ಸೀ ಲಯನ್ಸ್ ಮತ್ತು ಸ್ಟಾರ್ಸ್‌ನ ಸಮವಸ್ತ್ರ ತೊಟ್ಟಿದ್ದವು. ಅಂಪೈರ್‌ಗಳೆಲ್ಲರೂ ಕಪ್ಪು ಜನಾಂಗದವರಾಗಿದ್ದದ್ದು ಮೇಜರ್ ಲೀಗ್ ಚರಿತ್ರೆಯಲ್ಲಿ ಮೊದಲ ಸಲ. ಪಂದ್ಯಕ್ಕೆ ಮುಂಚೆ ರೆಜಿ ಜಾಕ್ಸನ್ ಟಿವಿ ನೇರಪ್ರಸಾರದಲ್ಲಿ 1967ರ ಅವಮಾನಗಳನ್ನು ಬಿಚ್ಚಿಟ್ಟು ಹೇಳಿದರು. ಸಂಭ್ರಮದ ದಿನವೆಂದು ಅವರು ಏನನ್ನೂ ಮುಚ್ಚಿಡಲಿಲ್ಲ. ವಿಧ್ಯುಕ್ತವಾದ ಮೊದಲ ಚೆಂಡನ್ನು ಎಸೆದವರು 1948ರ ತಂಡದಲ್ಲಿ ಮೇಸ್ ಜೊತೆ ಆಡಿದ್ದ, ಮುಂದೆ ಕಾರ್ಡಿನಲ್ಸ್‌ನ ಮೊದಲ ಕಪ್ಪು ಪಿಚರ್ ಆದ, ಆಮೇಲೆ ಬರ್ಮಿಂಗ್‌ಹ್ಯಾಮ್‌ನಲ್ಲೇ ಪಾದ್ರಿಯಾಗಿ ನೆಲೆಸಿದ 99 ವರ್ಷದ ವಿಲಿಯಂ ಗ್ರೀಸನ್. ಪಂದ್ಯವನ್ನು ಕಾರ್ಡಿನಲ್ಸ್ 6–5ರಿಂದ ಗೆದ್ದಿತು.